ಅತ್ತೆಗೆ ಎಷ್ಟು ಮಂದಿ ತಮ್ಮಂದಿರು?

ನನ್ನ ಸೋದರತ್ತೆಗೆ ಒಟ್ಟು ಎಷ್ಟು ಮಂದಿ ತಮ್ಮಂದಿರು ಎಂದು ದೇವರಾಣೆಗೂ ನನಗೆ ಗೊತ್ತಿಲ್ಲ. ಮನೆಯ ಲೆಕ್ಕದಲ್ಲಿ ನನ್ನ ಅಪ್ಪ ಒಬ್ಬರೇ. ಆಸ್ಪತ್ರೆಯ ಲೆಕ್ಕವೇ ಬೇರೆ!

ಅತ್ತೆ ಕಾಪು ಪೇಟೆಯಲ್ಲಿ ಮೀನು ಮಾರುವವರು. ಗಂಡನಿಲ್ಲ, ಮಕ್ಕಳಿಲ್ಲ. ಹೆದ್ದಾರಿಯಲ್ಲಿ ಯಾರಾದರೂ ಬಿದ್ದರೆ ಸಾಕು, ಬಂಗುಡೆಯನ್ನು ಗಿರಾಕಿಯ ಕೈಗೇ ಕೊಟ್ಟು ಓಡುತ್ತಾರೆ. ಸುತ್ತ ನಿಂತು ವಿಡಿಯೊ ಮಾಡುವವರಿಗೆ, "ಎಂತ, ಮದುವೆಯಾ ಇದು? ಕಾಲು ಹಿಡಿ ಮಾರಾಯ!" ಎಂದು ಗದರಿಸಿ, ಬಿದ್ದವರನ್ನು ರಿಕ್ಷಾಕ್ಕೆ ಹತ್ತಿಸುತ್ತಾರೆ. ಆಸ್ಪತ್ರೆಯ ಕೌಂಟರಿನಲ್ಲಿ "ಇವರು ನಿಮಗೆ ಏನಾಗಬೇಕು?" ಎಂದು ಕೇಳಿದರೆ ಒಂದೇ ಉತ್ತರ: "ತಮ್ಮ." ಯಾರೂ ಅಲ್ಲ ಎನ್ನಲು ಅವರಿಗೆ ಬಾಯಿ ಬರುವುದಿಲ್ಲವಂತೆ.

ಹೀಗೆ ಶಿರ್ವದ ಫೆಲಿಕ್ಸ್, ಪಡುಬಿದ್ರಿಯ ಹಮೀದ್, ಇನ್ನಂಜೆಯ ಭಟ್ಟರು, ಎಲ್ಲರೂ ಒಡಹುಟ್ಟಿದವರಾದರು. ಕೌಂಟರಿನವರು ಒಮ್ಮೆ ತಡೆಯಲಾರದೆ, "ಅಮ್ಮಾ, ನಿಮ್ಮ ತಂದೆಗೆ ಎಷ್ಟು ಸಂಸಾರ?" ಎಂದು ಕೇಳಿಯೇಬಿಟ್ಟರು.

"ಅಪ್ಪನದು ದೊಡ್ಡ ಮನಸ್ಸು," ಎಂದರಂತೆ ಅತ್ತೆ. ನನ್ನ ಅಜ್ಜನ ಮರ್ಯಾದೆ ಅಂದಿಗೆ ಮುಗಿಯಿತು.

ಒಮ್ಮೆ ಕಾರ್ಕಳದ ಮದುವೆಗೆ ಅತ್ತೆಯೂ ನಾನೂ ಬಸ್ಸಿನಲ್ಲಿ ಹೊರಟಿದ್ದೆವು. ದಾರಿಯಲ್ಲಿ ಸ್ಕೂಟರೊಂದು ಮಗುಚಿ ಬಿದ್ದಿತ್ತು. "ನೋಡಬೇಡಿ ಅತ್ತೆ, ಊಟ ತಪ್ಪುತ್ತದೆ," ಎಂದೆ. ಅವರು ಬಸ್ಸು ನಿಲ್ಲಿಸಿ ಇಳಿದರು. ನಾನು ಇಳಿಯಲಿಲ್ಲ. ಮದುವೆಯ ಹೋಳಿಗೆ ಚೆನ್ನಾಗಿತ್ತು, ಎರಡನೆಯದನ್ನು ಮಾತ್ರ ಯಾಕೋ ಎಲೆಯಲ್ಲೇ ಬಿಟ್ಟೆ.

ಕಳೆದ ತಿಂಗಳು ಅತ್ತೆಗೇ ಬೈಕ್ ಗುದ್ದಿತು. ಫೋನ್ ಬಂದು ನಾನು ಆಸ್ಪತ್ರೆಗೆ ಓಡುವಷ್ಟರಲ್ಲಿ ಒಂದು ಗಂಟೆಯೇ ಆಗಿತ್ತು. ತಲೆಗೆ ಪೆಟ್ಟು, ರಕ್ತ ಬಹಳ ಹೋಗಿತ್ತು. "ಸ್ವಲ್ಪ ತಡವಾಗಿದ್ದರೂ ಉಳಿಯುತ್ತಿರಲಿಲ್ಲ. ಮಗ ಹೊತ್ತಿಗೆ ಸರಿಯಾಗಿ ಕರೆತಂದರು," ಎಂದರು ನರ್ಸ್.

ಮಗನಾ?

ಬೆಂಚಿನ ಮೇಲೆ ನಡುವಯಸ್ಸಿನ ಲಾರಿ ಡ್ರೈವರೊಬ್ಬರು ಅತ್ತೆಯ ಚಪ್ಪಲಿ ಹಿಡಿದು ಕುಳಿತಿದ್ದರು. ಅಂಗಿ ತುಂಬ ರಕ್ತ. ಹಾವೇರಿ ಕಡೆಯವರು. "ಅಮ್ಮಾರ ಹೆಸರು ಗೊತ್ತಿಲ್ರೀ. ಏನಾಗಬೇಕು ಅಂತ ಕೇಳಿದ್ರು. ಯಾರೂ ಅಲ್ಲ ಅನ್ನಾಕ ಬಾಯಿ ಬರಲಿಲ್ಲ," ಎಂದರು. ನನಗೆ ಅಳು ಬಂದುಬಿಟ್ಟಿತು.

ಸಂಜೆ ಅತ್ತೆ ಕಣ್ಣು ಬಿಟ್ಟು ಮೊದಲು ಆಡಿದ ಮಾತು: "ನನ್ನನ್ನು ತಂದವನು ಎಂತಾದರೂ ತಿಂದನಾ, ಕೇಳು."

ಡ್ರೈವರರನ್ನು ಊಟಕ್ಕೆ ಕರೆದುಕೊಂಡು ಹೊರಟಾಗ ಕೌಂಟರಿನವರು ನನ್ನನ್ನು ತಡೆದರು. "ನೀವು ಯಾರು? ಏನಾಗಬೇಕು?"

ನಾನು ಡ್ರೈವರರ ಹೆಗಲ ಮೇಲೆ ಕೈಯಿಟ್ಟೆ. "ನಾನು ಇವರ ತಮ್ಮ."

ಕೌಂಟರಿನವರು ತಲೆಯೆತ್ತದೆ ಬರೆದುಕೊಂಡರು.