ಹುಬ್ಬು ಗಂಟಿಕ್ಕಿದ ಕಾರು

ದನದ ಡಾಕ್ಟರಾದವನು ನಗು ಹುಡುಕಿಕೊಂಡು ಹೋಗಬೇಕಾಗಿಲ್ಲ. ರೋಗಿಗಳಿಗೆ ಮಾತು ಬರುವುದಿಲ್ಲ. ಅವುಗಳ ಪಾಲಿನದನ್ನೂ ಸೇರಿಸಿ ಮನೆಯವರು ಆಡುತ್ತಾರೆ. ಹೊನ್ನಾಳಿಯಲ್ಲಿ ಮನೆ, ನ್ಯಾಮತಿ ಕಡೆ ಕೆಲಸ, ಜಗಳೂರು ಕಡೆ ಹೆಂಡತಿಯ ತವರು. ಹೀಗೆ ಹಳೆಯ ಕಾರೊಂದರಲ್ಲಿ ಸದಾ ಅಲೆಯುವ ನನಗೆ ಇಂಥವು ನಡೆಯುತ್ತಲೇ ಇರುತ್ತವೆ. ಈಚೆಗೆ ನಡೆದವಕ್ಕೆಲ್ಲ ಆ ಕಾರಿನ ಪಾರ್ಕಿಂಗ್ ಲೈಟೇ ಕಾರಣ.

ಹೆರಿಗೆ

ನ್ಯಾಮತಿ ಹತ್ತಿರದ ಹಳ್ಳಿಯೊಂದರಲ್ಲಿ ಎಮ್ಮೆ ಈಯಲಾರದೆ ಒದ್ದಾಡುತ್ತಿತ್ತು. ನಾನು ತಲುಪಿದಾಗ ಮುಸ್ಸಂಜೆ. ಓಣಿ ಇಕ್ಕಟ್ಟು. ಬೈಕಿನವರು ಯಾರಾದರೂ ಬಂದು ಗುದ್ದಿಯಾರೆಂದು ಪಾರ್ಕಿಂಗ್ ಲೈಟ್ ಹಚ್ಚಿಟ್ಟು ಕೊಟ್ಟಿಗೆಗೆ ನುಗ್ಗಿದೆ.

ಒಳಗೆ ಕರುವಿನ ತಲೆ ಹಿಂದಕ್ಕೆ ತಿರುಗಿಕೊಂಡಿತ್ತು. ಭುಜದವರೆಗೆ ಕೈ ಹಾಕಿ ಅದನ್ನು ಸರಿಮಾಡುವ ಹೊತ್ತಿಗೆ ಎಮ್ಮೆಗೂ ನನಗೂ ಒಂದೇ ಸಮ ಏದುಸಿರು. ಆ ಮನೆಗೆ ಇದ್ದದ್ದು ಅದೊಂದೇ ಎಮ್ಮೆ. ಮನೆಯ ಅಜ್ಜಿ ಅದರ ಕೊರಳು ತಬ್ಬಿ, "ತಡಕೋ ನಮ್ಮವ್ವ, ಇನ್ನೊಂದೀಟು ತಡಕೋ" ಎನ್ನುತ್ತಿದ್ದಳು. ಕೊನೆಗೂ ಕರು ಜೀವಂತವಾಗಿ ಹೊರಬಂತು. ತಾಯಿ ನೆಕ್ಕಿತು, ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಹೊರಗೆ ಬಂದು ಕೀಲಿ ತಿರುಗಿಸಿದರೆ ಕಾರಿನದು ಸದ್ದಿಲ್ಲ. ಹಳೆಯ ಬಲ್ಬುಗಳು ಬ್ಯಾಟರಿಯನ್ನೆಲ್ಲ ಹೀರಿಬಿಟ್ಟಿದ್ದವು. ಮನೆಮಂದಿಯೆಲ್ಲ ಸೇರಿ ನೂಕಿದರು. ಓಣಿಯ ತುದಿಗೆ ಬಂದ ಮೇಲೆ ಅದು ಕೆಮ್ಮುತ್ತ ಚಾಲೂ ಆಯಿತು. ಹಿಂದೆಯೇ ನಡೆದು ಬಂದ ಅಜ್ಜಿ ಕಿಟಕಿಯ ಹತ್ತಿರ ನಿಂತು ಹೇಳಿದಳು:

"ನಮ್ಮೆಮ್ಮೆ ಹೆರಿಗೆ ನೀವು ಮಾಡಿಸಿದ್ರಿ, ನಿಮ್ಮ ಕಾರಿಂದು ನಾವು ಮಾಡಿಸಿದ್ವಿ. ನಿಮ್ಮದೇ ಭಾಳ ಕಷ್ಟ ಆತು ನೋಡ್ರಿ ಡಾಕ್ಟ್ರೇ."

ಕೇಕು

ಎಲ್‌ಇಡಿ ಹಾಕಿಸಿದರೆ ಬ್ಯಾಟರಿ ಉಳಿಯುತ್ತದೆ ಎಂದು ಕೇಳಿ ಚನ್ನಗಿರಿಯ ಎಲೆಕ್ಟ್ರಿಷಿಯನ್ ಒಬ್ಬನ ಹತ್ತಿರ ಹೋದೆ. ರೆಡಿಮೇಡ್ ಲೈಟೆಂದರೆ ಅವನಿಗೆ ಆಗದು. ಒಂದೊಂದು ಕಾರಿನ ಮುಖವನ್ನೂ ನೋಡಿ, ಅದಕ್ಕೆ ಒಪ್ಪುವಂತೆ ತಾನೇ ಎಲ್‌ಇಡಿ ಪಟ್ಟಿ ಕತ್ತರಿಸಿ ಬೆಸುಗೆ ಹಾಕುವವನು.

"ನೀಲಿ ಹಾಕ್ಲೇನ್ರೀ? ಬಣ್ಣ ಬದಲಾಗೋದೂ ಐತೆ."

"ಬಿಳಿ ಸಾಕು."

"ಬರೀ ಬಿಳಿ ಹಾಕಿದ್ರೆ ಆಸ್ಪತ್ರೆ ಟ್ಯೂಬ್‌ಲೈಟ್ ಇದ್ದಂಗೆ ಕಾಣ್ತೈತೆ."

"ನಾನೂ ಆಸ್ಪತ್ರೆಯವನೇ ಅಲ್ಲೇನಪ್ಪ?"

ಮದುವೆಗೆ ಬಂದವರು ಊಟ ಬೇಡವೆಂದಾಗ ಅಡುಗೆಯವನ ಮುಖ ಆಗುತ್ತದಲ್ಲ, ಅವನದೂ ಹಾಗಾಯಿತು. "ಆಕಾರನಾದ್ರೂ ನನಗೆ ಬಿಡ್ರಿ" ಎಂದ. ಬಿಟ್ಟೆ.

ಪಾರ್ಕಿಂಗ್ ಲೈಟ್ ಇರುವುದು ಹೆಡ್‌ಲೈಟಿನ ಒಳಗೇ. ಹೆಡ್‌ಲೈಟಿನ ಗಾಜು ಬಿಚ್ಚಬೇಕಾದರೆ ಅದರ ಅಂಟು ಮೆತ್ತಗಾಗುವಷ್ಟು ಬಿಸಿ ಮಾಡಬೇಕಂತೆ. ಅಂಗಡಿಯ ಹಿಂದೆಯೇ ಅವನ ಮನೆ. ಹೆಂಡತಿ ಕೇಕು ಮಾಡಿ ಮಾರುತ್ತಾಳೆ. ದೊಡ್ಡ ಓವನ್ ಇದೆ. ನನ್ನ ಹೆಡ್‌ಲೈಟು ಅದರೊಳಗೆ ಹೋಯಿತು. "ನನಗೆ ಆರ್ಡರ್ ಐತೆ, ಜಲ್ದಿ ತೆಗೀರಿ" ಎಂದು ಆಕೆ ಗದರುತ್ತಿರುವಾಗಲೇ ಕೇಕು ಒಯ್ಯಲು ಒಬ್ಬ ಹೆಂಗಸು ಬಂದರು. ಓವನ್ನಿನ ಗಾಜಿನಲ್ಲಿ ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು.

"ಎಷ್ಟು ಚೆಂದ ಮಾಡೀಯವ್ವ" ಎಂದರು. "ಥೇಟ್ ಕಾರಿನ ಲೈಟೇ. ನಮ್ಮ ಹುಡುಗನ ಹುಟ್ಟುಹಬ್ಬಕ್ಕೂ ಇಂಥದ್ದೇ ಒಂದು ಮಾಡಿಕೊಡು. ಮೊಟ್ಟೆ ಹಾಕಬ್ಯಾಡ."

ಪದಬಂಧ

ಎಲೆಕ್ಟ್ರಿಷಿಯನ್ ಮಾಡಿದ ಆಕಾರ ಹುಬ್ಬಿನದು. ಎರಡು ಬಿಳಿ ಹುಬ್ಬುಗಳು ನಡುವಿಗೆ ಇಳಿದಿದ್ದವು. ಲೈಟ್ ಹಚ್ಚಿದರೆ ಹದಿನಾರಾಣೆ ಸಿಟ್ಟಿನ ಮುಖ. ನಾನು ಸಿಟ್ಟಿನವನಲ್ಲ, ಆದರೆ ಹೊನ್ನಾಳಿಯ ನಮ್ಮ ಬೀದಿ ಇನ್ನು ನನ್ನ ಕಾರನ್ನು ನೋಡಿಯೇ ನನ್ನನ್ನು ಅಳೆಯುತ್ತದೆ ಎನಿಸಿ ಸಣ್ಣ ಕಸಿವಿಸಿಯಾಯಿತು.

ಎದುರು ಮನೆಯಲ್ಲಿರುವವರು ನಿವೃತ್ತ ಮೇಷ್ಟ್ರು. ಕಾರು ನಿಲ್ಲುವುದು ಅವರ ಬಾಗಿಲಿಗೇ ಮುಖ ಮಾಡಿ. ಸಂಜೆ ಸಾಮಾನು ಇಳಿಸುವಾಗ ಲೈಟ್ ಹಚ್ಚಿಯೇ ಇರುತ್ತಿತ್ತು. ಕೆಲವು ದಿನ ಅದನ್ನು ನೋಡಿದ ಮೇಷ್ಟ್ರು ಒಂದು ಬೆಳಿಗ್ಗೆ ತಾವೇ ಬಂದು ಕುಳಿತರು. ಕಾಫಿ ಕುಡಿದರು. ಆಮೇಲೆ ತಲೆ ತಗ್ಗಿಸಿ, "ನಿಮಗೆ ಗೊತ್ತಾಗೈತೆ ಅಂತ ಕಾಣ್ತದೆ. ನಿಮ್ಮ ಮನೆ ಪೇಪರ್‌ನ ನಾನೇ ಮೊದ್ಲು ಓದಿ ಆಮೇಲೆ ತಂದು ಹಾಕ್ತಿದ್ದೆ. ಪದಬಂಧ ತುಂಬಿದೋನೂ ನಾನೇ" ಎಂದರು.

ನಮಗೆ ಏನೂ ಗೊತ್ತಿರಲಿಲ್ಲ. ಅದನ್ನು ದಿನವೂ ತುಂಬುವವಳು ನನ್ನ ಹೆಂಡತಿಯೆಂದು ನಾನು ಒಳಗೊಳಗೇ ಹೆಮ್ಮೆಪಟ್ಟುಕೊಂಡಿದ್ದೆ. ಅವಳೂ ನನ್ನ ಬಗ್ಗೆ ಹಾಗೆಯೇ. ಮೇಷ್ಟ್ರು ಹೋದ ಮೇಲೆ ಅವಳು ಪೇಪರನ್ನು ನನ್ನ ಕಡೆ ಸರಿಸಿದಳು, ನಾನು ಅವಳ ಕಡೆ ಸರಿಸಿದೆ.

ಟಗರು

ಸೊಕ್ಕೆಯಲ್ಲಿರುವ ಹೆಂಡತಿಯ ಅಕ್ಕನ ಮನೆಗೆ ಹೊರಟಿದ್ದೆವು. ಜಗಳೂರು ದಾಟಿದ ಮೇಲೆ ಕುರಿ ಹಿಂಡೊಂದು ರಸ್ತೆ ತುಂಬ ಬಂತು. ಹೊತ್ತು ಮುಳುಗಿತ್ತು. ಕಾರು ನಿಲ್ಲಿಸಿ, ಕುರಿಗಳ ಕಣ್ಣು ಕುಕ್ಕದಿರಲೆಂದು ಹೆಡ್‌ಲೈಟ್ ಆರಿಸಿ ಪಾರ್ಕಿಂಗ್ ಲೈಟಷ್ಟೇ ಬಿಟ್ಟೆ.

ಹಿಂಡಿನ ಮುಂದಿದ್ದ ಟಗರು ನಿಂತಿತು. ಕಾರಿನ ಹುಬ್ಬನ್ನೇ ನೋಡಿತು. ಹಿಂದಕ್ಕೆ ಹೋಯಿತು. ಟಗರು ಹಿಂದೆ ಸರಿದರೆ ಏನರ್ಥ ಎಂದು ನನಗೆ ಗೊತ್ತು. ಗೊತ್ತಿದ್ದರೂ ಕೈ ಓಡಲಿಲ್ಲ. ಟಗರು ಓಡಿ ಬಂದು ಬಂಪರಿಗೆ ಡಿಕ್ಕಿ ಹೊಡೆಯಿತು. ಮತ್ತೆ ಹಿಂದೆ ಸರಿಯಿತು.

"ಲೈಟ್ ಆರಿಸ್ರಿ ಸಾರ್" ಎಂದು ಕುರಿಯವನು ಓಡಿ ಬಂದ. "ನೀವು ಗುರಾಯಿಸಾಕತ್ತೀರಿ ಅಂತ ತಿಳ್ಕೊಂಡೈತೆ."

ಆರಿಸಿದೆ. ಟಗರು ಒಂದು ಕ್ಷಣ ಕಾದು, ಶತ್ರು ತಲೆ ತಗ್ಗಿಸಿದನೆಂದು ಖಾತ್ರಿ ಮಾಡಿಕೊಂಡು, ಕತ್ತೆತ್ತಿ ಹಿಂಡನ್ನು ಕರೆದುಕೊಂಡು ಹೋಯಿತು. ಕೆಳಗಿಳಿದು ನೋಡಿದರೆ ಬಂಪರ್ ಸೀಳಿತ್ತು. ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಆ ಕಡೆ ತಿರುಗಿದ್ದಳು. ಕುರಿಯವನಿಗೆ ಮಾತ್ರ ನನ್ನ ಮುಖ ನೋಡಿ ಪಾಪ ಎನಿಸಿತು.

"ಬೇಜಾರಾಗಬ್ಯಾಡ್ರಿ ಸಾರ್" ಎಂದ. "ಹೋದ ವಾರ ಇದು ಟ್ರ್ಯಾಕ್ಟರನ್ನೂ ಸೋಲಿಸೈತೆ."

ದೀಪ

ಸಂತೇಬೆನ್ನೂರಿನಲ್ಲಿ ಪರಿಚಯದ ಹಿರಿಯರೊಬ್ಬರು ತೀರಿಕೊಂಡರು. ಅವರ ದನಗಳಿಗೆ ಬಹಳ ವರ್ಷ ಔಷಧಿ ಕೊಟ್ಟವನು ನಾನು. ಮಾತು ಕಡಿಮೆ, ನೇರ ಮನುಷ್ಯ. ಸಂಜೆ ಹೋದಾಗ ಅವರನ್ನು ಮನೆಯ ಕಟ್ಟೆಯ ಮೇಲೆ ಕೂರಿಸಿ, ವಿಭೂತಿ ಹಚ್ಚಿ, ಹಾರ ಹಾಕಿದ್ದರು. ಕಿರಿಯ ಮಗಳು ದೂರದಿಂದ ಬರಬೇಕಿತ್ತು, ಮಣ್ಣು ಮಾಡುವುದು ಬೆಳಿಗ್ಗೆ. ಜಾಗವಿಲ್ಲದೆ ಕಾರನ್ನು ಕಟ್ಟೆಯ ಎದುರಿಗೇ ನಿಲ್ಲಿಸಿ, ಜಮಖಾನದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತೆ. ಭಜನೆ ಶುರುವಾಯಿತು.

ಎಲೆಕ್ಟ್ರಿಷಿಯನ್ ನಾನು ಕೇಳದ ಉಪಕಾರವೊಂದನ್ನು ಮಾಡಿದ್ದ. ಕೀಲಿಗೆ ಗುಂಡಿಯೊಂದನ್ನು ಜೋಡಿಸಿದ್ದ. ಅದನ್ನು ಒತ್ತಿದರೆ ಹುಬ್ಬಿನ ದೀಪಗಳು ಒಂದರ ಹಿಂದೊಂದು ಹತ್ತಿ, ಆ ಕಡೆಯಿಂದ ಈ ಕಡೆಗೆ ಹರಿದು, ಮಿಣುಕಿ ಆರುತ್ತಿದ್ದವು. ಕೀಲಿ ನನ್ನ ಪ್ಯಾಂಟಿನ ಜೇಬಿನಲ್ಲಿ, ತೊಡೆಯ ಅಡಿ. ತಾಳಕ್ಕೆ ನಾನು ಸ್ವಲ್ಪ ತೂಗಿದಾಗಲೆಲ್ಲ ಗುಂಡಿ ಒತ್ತುತ್ತಿತ್ತು. ಭಜನೆ ಏರಿದಂತೆ ಕಟ್ಟೆಯ ಮೇಲೆ ಬೆಳಕು ಕುಣಿಯಿತು. ತಾಳದವನು ಅದನ್ನೇ ನೋಡುತ್ತ ತಾಳ ತಪ್ಪಿದ. ಹಿರಿಯರ ಅಳಿಯ ಎದ್ದು, "ಯಾರ್ರೀ ಕಾರು ಅದು?" ಎಂದ. ಆಗ ನನಗೆ ಗೊತ್ತಾಯಿತು. ಕೀಲಿ ತೆಗೆಯಲು ಹೋದರೆ ಜೇಬಿನಲ್ಲಿ ಸಿಕ್ಕಿಕೊಂಡು ಮತ್ತೆ ಎರಡು ಸಲ ಕುಣಿಯಿತು. ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಅಲ್ಲಿಯವರೆಗೆ ಗಂಡನ ಪಕ್ಕದಲ್ಲಿ ಕಲ್ಲಿನಂತೆ ಕುಳಿತಿದ್ದ ಆ ಮನೆಯ ಅಮ್ಮ ತಲೆ ಎತ್ತಿದರು. ಬೆಳಗಿನಿಂದ ಅವರು ಅತ್ತಿರಲಿಲ್ಲ, ಒಂದು ಮಾತೂ ಆಡಿರಲಿಲ್ಲವಂತೆ.

"ಇರ್ಲಿ ಬಿಡ್ರಿ, ಆರಿಸಬ್ಯಾಡ್ರಿ" ಎಂದರು. ಗಂಡನ ಹಾರವನ್ನು ಸರಿಮಾಡಿದರು. "ಕರೆಂಟ್ ಬಿಲ್ ಬರ್ತೈತೆ ಅಂತ ನನ್ನ ಹಿಂದೆ ಹಿಂದೆ ತಿರುಗಿ ಎಲ್ಲಾ ಲೈಟ್ ಆರಿಸ್ತಿದ್ರು. ಕತ್ತಲಾಗೆ ರೊಟ್ಟಿ ತಟ್ಟೀನಿ ನಾನು. ಇವತ್ತೊಂದಿನ ಎದ್ದು ಆರಿಸಲಿ, ನೋಡೋಣ."