ಹಸಿರು ಚೀಟಿ ಕಟ್ಟಿದ ಸೈಕಲ್ಲು

“ಚಕ್ರ ನಾನೇ ಬಿಚ್ತೀನಿ, ನಾನೇ ಹಾಕ್ತೀನಿ. ನೀನು ಕೈ ಹಚ್ಚಕೂಡದು” ಎಂದು ಭಾನುವಾರ ಬೆಳಗ್ಗೆ ಆರು ಗಂಟೆಗೆ ಸಾಹೇಬರು ಹೆಂಡತಿಗೆ ಆಜ್ಞೆ ಹೊರಡಿಸಿದರು.

ಸಾಹೇಬರು ಬಿಸ್ಕತ್ತಿನ ಕಾರ್ಖಾನೆಯೊಂದರ ಸುರಕ್ಷತಾಧಿಕಾರಿ. ಅಲ್ಲಿ ಯಾವ ಯಂತ್ರಕ್ಕೆ ಕೈ ಹಾಕಿದರೂ ಚೀಟಿ ಕಟ್ಟಬೇಕು. ಸರಿಯಿದ್ದರೆ ಹಸಿರು ಚೀಟಿ: “ಪರೀಕ್ಷಿಸಲಾಗಿದೆ.” ಕೆಟ್ಟಿದ್ದರೆ ಕೆಂಪು: “ದುರಸ್ತಿಯಲ್ಲಿದೆ. ಚಾಲೂ ಮಾಡಬೇಡಿ.” ಕೆಂಪು ಚೀಟಿಯನ್ನು ಸಹಿ ಹಾಕಿದವರೇ ಬಿಚ್ಚಬೇಕು, ಮಾಲೀಕರೇ ಬಂದರೂ ಮುಟ್ಟುವಂತಿಲ್ಲ. ಈ ನಿಯಮವನ್ನು ಅವರು ಮನೆಗೂ ತಂದಿದ್ದರು. ಕುಕ್ಕರಿಗೆ, ಗೀಸರಿಗೆ, ಕೊನೆಗೆ ಅತ್ತೆಯ ಊರುಗೋಲಿಗೂ ಹಸಿರು ಚೀಟಿ ನೇತಾಡುತ್ತಿತ್ತು.

ಹೆಂಡತಿ ಗ್ರಂಥಪಾಲಕಿ. ಮಂಡಿಯ ಶಸ್ತ್ರಚಿಕಿತ್ಸೆ ಆಗಿ ಎಂಟು ತಿಂಗಳ ಮೇಲೆ, ಇಂದು ಮೊದಲ ಬಾರಿಗೆ ಗೆಳತಿಯರ ಜೊತೆ ನಲವತ್ತು ಕಿಲೋಮೀಟರ್ ಸೈಕಲ್ ತುಳಿಯುವವಳಿದ್ದಳು. ಇದಕ್ಕಾಗಿ ದಿನ ಎಣಿಸಿದ್ದಳು. ಎಲ್ಲರೂ ಸೇರುವ ಜಾಗ ಊರಾಚೆಯ ಗುಡ್ಡದ ತಲೆಯಲ್ಲಿ, ಏಳೂವರೆಗೆ ಹೊರಡುವುದು. ಅಲ್ಲಿಯವರೆಗೆ ಕಾರು. ಮುಂದಿನ ಚಕ್ರ ಬಿಚ್ಚದಿದ್ದರೆ ಸೈಕಲ್ಲು ಕಾರಿನೊಳಗೆ ಹೋಗುತ್ತಿರಲಿಲ್ಲ.

“ರೀ, ಅದು ಅರ್ಧ ನಿಮಿಷದ ಕೆಲಸ. ಸ್ಪ್ಯಾನರ್ ಕೂಡ ಬೇಡ.”

“ಅರ್ಧ ನಿಮಿಷದ ಕೆಲಸದಲ್ಲೇ ಜನ ಕೈಕಾಲು ಮುರ್ಕೊಳ್ಳೋದು. ಇಪ್ಪತ್ತೆರಡು ವರ್ಷದ ಅನುಭವ ಹೇಳ್ತಿದೆ, ಕೇಳು.”

ಅನುಭವ ಚಕ್ರದ ನಡುವಿನ ಹಿಡಿಯನ್ನು ಎಳೆಯಿತು. ಹಿಡಿ ಹೊರಕ್ಕೆ ತೆರೆದುಕೊಂಡಿತು. ಅಲ್ಲಿಗೇ ಬಿಡಬಹುದಿತ್ತು. ಆದರೆ ಸಾಹೇಬರು ಅದನ್ನು ನಲ್ಲಿಯಂತೆ ತಿರುಗಿಸುತ್ತಲೇ ಹೋದರು. ಆಚೆ ಬದಿಯ ನಟ್ಟು ಕಳಚಿತು, ಪುಟ್ಟ ಸ್ಪ್ರಿಂಗೊಂದು ಹಾರಿ ಸೋಫಾದ ಅಡಿ ಸೇರಿತು. ಅದನ್ನು ಹುಡುಕಲು ಸಾಹೇಬರ ತಲೆ ಒಳಗೆ ಹೋಯಿತು, ಹೊಟ್ಟೆ ಒಪ್ಪಲಿಲ್ಲ. ಅತ್ತೆ ಊರುಗೋಲಿನಿಂದ ಕೆದಕಿ ಸ್ಪ್ರಿಂಗನ್ನು ಈಚೆಗೆ ತಂದರು.

ಇಷ್ಟಾದರೂ ಚಕ್ರ ಈಚೆ ಬರಲಿಲ್ಲ. ಬ್ರೇಕಿನ ಎರಡು ರಬ್ಬರ್ ತುಂಡುಗಳ ನಡುವೆ ಟೈರು ಸಿಕ್ಕಿಕೊಂಡಿತ್ತು.

“ಅಳಿಯಂದ್ರೇ, ಅವಳು ಮೊದಲು ಬ್ರೇಕಿನ ತಂತಿ ಬಿಡಿಸ್ಕೊತಾಳೆ.”

“ಅತ್ತೇ, ಇದು ಅಪಾಯದ ಜಾಗ. ದೂರ ನಿಲ್ಲಿ” ಎಂದ ಸಾಹೇಬರು, ಐದು ನಿಮಿಷ ಗುದ್ದಾಡಿದ ಮೇಲೆ, ತಮಗೇ ಹೊಳೆದವರಂತೆ ತಂತಿ ಬಿಡಿಸಿದರು. ಚಕ್ರ ಸಲೀಸಾಗಿ ಬಂತು. ಕಾರಿನ ಹಿಂದಿನ ಸೀಟಿನಲ್ಲಿ ಅತ್ತೆ ಅದನ್ನು ಮಡಿಲಲ್ಲಿಟ್ಟುಕೊಂಡು ಕುಳಿತರು.

ಗುಡ್ಡ ತಲುಪಿದಾಗ ಏಳು ಇಪ್ಪತ್ತು. ಹೆಲ್ಮೆಟ್ ಧರಿಸಿದ ಗೆಳತಿಯರು ಸುತ್ತ ನಿಂತರು. ನೋಡುವವರಿದ್ದರೆ ಸಾಹೇಬರಿಗೆ ಹುರುಪು. ಚಕ್ರ ಸಿಕ್ಕಿಸಿದರು, ಹಿಡಿಯನ್ನು ಬೆರಳು ನೋಯುವಷ್ಟು ತಿರುಗಿಸಿದರು, ಮುಂಭಾಗದ ಕಂಬಿಗೆ ಹಸಿರು ಚೀಟಿ ಕಟ್ಟಿ ಸಹಿ, ದಿನಾಂಕ, ವೇಳೆ ಬರೆದರು.

“ಇನ್ನು ಆನೆ ಬಂದು ಎಳೆದ್ರೂ ಅಲ್ಲಾಡಲ್ಲ.”

ಹೆಂಡತಿ ಹ್ಯಾಂಡಲ್ ಹಿಡಿದು ಸೈಕಲ್ಲಿನ ಮೂತಿ ಮೇಲೆತ್ತಿದಳು. ಹತ್ತುವ ಮುನ್ನ ಮುಂದಿನ ಚಕ್ರಕ್ಕೆ ಮೇಲಿನಿಂದ ಒಂದು ಗುದ್ದು ಕೊಡುವುದು ಅವಳ ನಿತ್ಯದ ರೂಢಿ.

“ನೋಡಿ, ಇದು ಇವಳ ಶಕುನ. ಓದಿದವರಿಗೂ ಮೂಢನಂಬಿಕೆ ಬಿಡಲ್ಲ” ಎಂದು ಸಾಹೇಬರು ಗೆಳತಿಯರತ್ತ ತಿರುಗಿ ನಕ್ಕರು.

ಗುದ್ದು ಬಿತ್ತು. ಚಕ್ರ ಕಳಚಿ ನೆಲಕ್ಕೆ ಬಂದು, ಗೆಳತಿಯರ ನಡುವೆ ಉರುಳಿ, ಅತ್ತೆಯ ಊರುಗೋಲಿಗೆ ತಾಗಿ ಮಲಗಿತು. ಚಕ್ರವಿಲ್ಲದ ಕಂಬಿಯಲ್ಲಿ ಹಸಿರು ಚೀಟಿ ಗಾಳಿಗೆ ಆಡುತ್ತಿತ್ತು. ಸಹಿ ಸ್ಪಷ್ಟವಾಗಿತ್ತು.

ಯಾರೂ ನಗಲಿಲ್ಲ. ಅಲ್ಲಿಂದಲೇ ಶುರುವಾಗುವ ಕಡಿದಾದ ಇಳಿಜಾರನ್ನು ಸಾಹೇಬರು ಆಗ ನೋಡಿದರು. ಆ ಶಕುನವೊಂದು ಇರದಿದ್ದರೆ ಏನಾಗುತ್ತಿತ್ತು ಎಂದು ನೆನೆಯಲೂ ಅವರಿಗೆ ಭಯವಾಯಿತು.

“ಬಿಗಿಯಾಗೇ ತಿರುಗಿಸಿದ್ನಲ್ಲ…”

“ತಿರುಗಿಸಿದ್ರಿ. ಒಳಕ್ಕೆ ಮಡಚಲಿಲ್ಲ” ಎಂದ ಹೆಂಡತಿ ಚಕ್ರವನ್ನು ಕೊನೆಯವರೆಗೆ ಕೂರಿಸಿ, ಒಂದು ಕೈಯಲ್ಲಿ ಹಿಡಿಯನ್ನು ಹಿಡಿದು ಇನ್ನೊಂದು ಕೈಯಿಂದ ನಟ್ಟನ್ನು ಅಳತೆಗೆ ಬಿಗಿದು, ಹಿಡಿಯನ್ನು ಅಂಗೈಯಿಂದ ಒತ್ತಿ ಮಡಚಿದಳು. ಅಂಗೈಯಲ್ಲಿ ಕೆಂಪಗೆ ಗುರುತು ಮೂಡಿತು. “ಹೀಗೆ ಗುರುತು ಬಿದ್ರೆ ಸರಿಯಾಯ್ತು ಅಂತ. ಬ್ರೇಕಿನ ತಂತಿನೂ ಹಾಗೇ ಬಿಟ್ಟಿದ್ದೀರಲ್ಲ” ಎಂದು ಅದನ್ನೂ ಸಿಕ್ಕಿಸಿದಳು. ಮತ್ತೆ ಗುದ್ದಿದಳು. ಚಕ್ರ ಅಲ್ಲಾಡಲಿಲ್ಲ. ಎಲ್ಲಕ್ಕೂ ಹಿಡಿದದ್ದು ಅರ್ಧ ನಿಮಿಷ.

“ಚೀಟಿ ಕೊಡಿ.”

ಸಾಹೇಬರು ತಪ್ಪೊಪ್ಪಿಕೊಂಡವರಂತೆ ಹೊಸ ಹಸಿರು ಚೀಟಿ ಚಾಚಿದರು.

“ಅದಲ್ಲ.” ಅವರ ಜೇಬಿನಿಂದ ಕೆಂಪು ಚೀಟಿ ಎಳೆದು, ವೇಳೆ ಬರೆದು, ಸಹಿ ಹಾಕಿ, ಅವರದೇ ಅಂಗಿಯ ಗುಂಡಿಗೆ ಕಟ್ಟಿದಳು. ಆಮೇಲೆ ಸೈಕಲ್ ಹತ್ತಿ ಗೆಳತಿಯರೊಡನೆ ಇಳಿಜಾರಿನಲ್ಲಿ ಮರೆಯಾದಳು.

ಚೀಟಿ ಬಿಚ್ಚಲು ಸಾಹೇಬರ ಕೈ ಮೆಲ್ಲಗೆ ಗುಂಡಿಯತ್ತ ಹೋಯಿತು. ಊರುಗೋಲು ನೆಲಕ್ಕೆ ಟಕ್ಕೆಂದು ಬಡಿಯಿತು.

“ಅಳಿಯಂದ್ರೇ, ಸಹಿ ಹಾಕಿದವರು ಬರೋಕೆ ಇನ್ನೂ ಮೂರು ಗಂಟೆ ಇದೆ. ಬನ್ನಿ, ಕೂತ್ಕೊಳ್ಳಿ.”