ಕಾಂಪೌಂಡರ್ ಕಾಕಾನ ಚಪ್ಪಲಿ ಸಾಲು

ಕಂಪ್ಯೂಟರ್ ಕಲಿಸುವವನ ಬದುಕಿನಲ್ಲಿ ನಗುವಂಥದ್ದು ಏನಿರುತ್ತದೆ ಎಂದು ಕೇಳುವವರಿದ್ದಾರೆ. ಹುಮನಾಬಾದಿನ ಬಟ್ಟೆ ಅಂಗಡಿಯೊಂದರ ಮೇಲಿನ ಖೋಲಿಯಲ್ಲಿ ಮೂರು ಕಂಪ್ಯೂಟರ್ ಇಟ್ಟುಕೊಂಡು ವರ್ಷಗಟ್ಟಲೆ ಕ್ಲಾಸು ನಡೆಸಿದವನು ನಾನು. ಅಲ್ಲಿ ಯಂತ್ರ ಒಂದು ಸಲ ಕೈಕೊಟ್ಟರೆ ನಾನು ಹತ್ತು ಸಲ ಪೇಚಿಗೆ ಸಿಕ್ಕಿದ್ದೇನೆ. ಪ್ರತಿ ಸಲವೂ ನೋಡಲು ಹೇಗೋ ನಾಲ್ಕು ಜನ ಸೇರಿಬಿಡುತ್ತಿದ್ದರು. ಅದರಲ್ಲಿ ಕೆಲವು ಪೇಚುಗಳು ಒಂದೇ ಪದದಿಂದ ಹುಟ್ಟಿದವು.

ಎರಡು ಬಾಯಿಯ ಡೆಕ್ಕು

ತೊಂಬತ್ತರ ದಶಕದ ಕೊನೆಯ ಮಾತು. ಪ್ರೋಗ್ರಾಮ್ ಬರೆಯುವ ಪಾಠದಲ್ಲಿ 'ಡೆಕ್' ಎಂಬುದೊಂದು ಬರುತ್ತದೆ. ಹೆಸರುಗಳನ್ನು ಸಾಲಾಗಿ ಇಡುವ ಒಂದು ಕ್ರಮ ಅದು. ಮಾಮೂಲಿ ಕ್ಯೂನಲ್ಲಿ ಹಿಂದಿನಿಂದ ಸೇರಬೇಕು, ಮುಂದಿನಿಂದ ಹೊರಬೀಳಬೇಕು. ಡೆಕ್‌ನಲ್ಲಿ ಎರಡೂ ತುದಿಯಿಂದ ಸೇರಬಹುದು, ಎರಡೂ ತುದಿಯಿಂದ ಹೊರಬೀಳಬಹುದು. ಜಾಗ ತುಂಬಿದರೆ ಅದನ್ನು ದೊಡ್ಡದು ಮಾಡಿಕೊಳ್ಳಲೂಬಹುದು. ಪುಸ್ತಕದಲ್ಲಿ ಇಷ್ಟಿತ್ತು, ನನಗೂ ಇಷ್ಟೇ ಗೊತ್ತಿತ್ತು.

ನಮ್ಮ ಕಡೆ ಆಗ ಡೆಕ್ ಅಂದರೆ ಬೇರೆಯೇ ವಸ್ತು. ಮದುವೆ, ತೊಟ್ಟಿಲು ಎಂದರೆ ಬಾಡಿಗೆಗೆ ತಂದು, ಟೀವಿಗೆ ಜೋಡಿಸಿ, ಕ್ಯಾಸೆಟ್ ಹಾಕಿ ಸಿನಿಮಾ ತೋರಿಸುವ ಯಂತ್ರ. ಒಂದು ದಿನ ದುಬಲಗುಂಡಿಯ ಹಿರಿಯರೊಬ್ಬರು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಂದರು. ಅವರ ಮಗಳು ನನ್ನ ವಿದ್ಯಾರ್ಥಿನಿ.

"ಮಾಸ್ತರ್ರೆ, ನೀವು ಡೆಕ್ ಕಲಸ್ತೀರಂತ ನಮ್ಮ ಪೋರಿ ಹೇಳಿದ್ಳು. ಸೋಮವಾರ ಮನ್ಯಾಗ ತೊಟ್ಲ ಅದ. ಒಂದು ಡೆಕ್ ಕಳಸ್ರಿ."

"ಅದು ಬೇರೆ ಡೆಕ್ ಅದರಿ ಯಜಮಾನ್ರೆ," ಎಂದು ನಾನು ಪಾಠ ಶುರು ಮಾಡಿದೆ. "ಇದಕ್ಕ ಎರಡೂ ಕಡಿಂದ ಹಾಕಬಹುದು, ಎರಡೂ ಕಡಿಂದ ತೆಗೀಬಹುದು."

ಅವರ ಕಣ್ಣು ಅರಳಿತು. "ಅಂದ್ರ ಒಮ್ಮಿಗೇ ಎರಡು ಕ್ಯಾಸೆಟ್ಟಾ?"

"ಕ್ಯಾಸೆಟ್ ಅಲ್ರಿ. ಜಾಗಾ ಸಾಲದಿದ್ರ ಅದು ದೊಡ್ಡದೂ ಆಗ್ತದ."

"ಬೇಶ್!" ಎಂದರು ಅವರು. "ಅದನ್ನ ಕಳಸ್ರಿ. ಪಡದಾನೂ ದೊಡ್ಡದಾಗ್ತದಂದ್ರ ಹಿಂದ ಕುಂತ ಹೆಂಗಸ್ರಿಗೂ ಕಾಣ್ತದ."

ಆರಾಮ

ಅದೇ ಸುಮಾರಿಗೆ ಬಸವಕಲ್ಯಾಣದ ಒಬ್ಬ ಡಾಕ್ಟರು ನನ್ನನ್ನು ಕರೆಸಿದರು. ಅವರ ದವಾಖಾನೆಯ ಅಂಗಳ ಬಾಗಿಲು ತೆಗೆಯುವ ಮೊದಲೇ ತುಂಬಿರುತ್ತಿತ್ತು. ಸಾಲು ನೋಡಿಕೊಳ್ಳುತ್ತಿದ್ದವರು ಕಾಂಪೌಂಡರ್ ಕಾಕಾ. ಅರವತ್ತು ದಾಟಿದ ಜೀವ, ಮೊಣಕಾಲು ನೋವು, ಬಾಗಿಲ ಪಕ್ಕ ಹೆಣಿಕೆ ಹರಿದ ಒಂದು ಕುರ್ಚಿ, ಮಳೆಯಿರಲಿ ಬಿಸಿಲಿರಲಿ ಕೈಯಲ್ಲೊಂದು ಕರಿ ಛತ್ರಿ.

ಡಾಕ್ಟರು ಮನಸ್ಸಿನಿಂದ ಒಳ್ಳೆಯವರು. "ಕಾಕಾಗ ವಯಸ್ಸಾಯ್ತು. ಸಾಲಿನ ಕೆಲಸ ಕಂಪ್ಯೂಟರಿಗೆ ಹಚ್ಚ್ರಿ. ಅವರು ಮನ್ಯಾಗ ಆರಾಮ ಇರ್ಲಿ," ಎಂದರು.

ನಾನು ಹೊರಗೆ ಬಂದರೆ ಕಾಕಾ ಕುರ್ಚಿಯನ್ನು ಬೇವಿನ ಮರದ ಕೆಳಗೆ ಎಳೆದುಕೊಂಡು ಕಾದಿದ್ದರು. "ಮಾಸ್ತರ್ರೆ, ನಿಮ್ಮ ಡಬ್ಬಿ ನಡೀತಂದ್ರ ನನ್ನ ಕುರ್ಚಿ ಹೋಯ್ತು."

"ಮನ್ಯಾಗ ಆರಾಮ ಇರಬಹುದಲ್ರಿ ಕಾಕಾ?"

"ಎಲ್ಲೀ ಆರಾಮ? ಇಪ್ಪತ್ತೈದು ವರ್ಷ ಊರ ಮಂದಿಗಿ ಸಾಲಾಗ ನಿಂದ್ರಿಸೇನಿ. ಈಗ ಮನ್ಯಾಗ ಕುಂತ್ರ ನಮ್ಮಾಕಿ ನನಗ ನಿಂದ್ರಸ್ತಾಳ. ನಳಕ್ಕ ಒಮ್ಮಿ, ಗಿರಣಿಗಿ ಒಮ್ಮಿ, ರೇಶನ್ ಅಂಗಡಿಗಿ ಒಮ್ಮಿ!"

ನಗುತ್ತಲೇ ಹೇಳಿದರು. ಆದರೆ ಕುರ್ಚಿಯ ಬೆನ್ನು ಸವರುತ್ತಿದ್ದ ಅವರ ಕೈ ನಗುತ್ತಿರಲಿಲ್ಲ. ನನಗೆ ಪಾಪ ಅನ್ನಿಸಿತು. ಬಂದ ಕೆಲಸ ಬಿಟ್ಟು ಹೋಗುವಷ್ಟು ಮಾತ್ರ ಅನ್ನಿಸಲಿಲ್ಲ.

ಅತ್ತೆಯವರು

ಕ್ಲಾಸಿನಲ್ಲಿ ಡೆಕ್ ಕಲಿಸುತ್ತಿದ್ದ ಮಹಾಶಯ ನಾನು, ಬರೆದುಕೊಟ್ಟದ್ದು ಮಾತ್ರ ಮಾಮೂಲಿ ಕ್ಯೂ. ಅದು ಸುಲಭ. ನಲವತ್ತು ಜಾಗದ ಸಾಲು ಮಾಡಿದೆ. ನಲವತ್ತು ಮುಗಿದ ಮೇಲೆ ಬಂದವನನ್ನು ಮತ್ತೆ ಒಂದನೇ ಜಾಗಕ್ಕೆ ಬರೆಯುವಂತೆ ಮಾಡಿದೆ. ಅಷ್ಟು ಹೊತ್ತಿಗೆ ಒಂದನೆಯವರು ಔಷಧ ತಗೊಂಡು ಮನೆ ಸೇರಿರುತ್ತಾರೆ ಎಂಬುದು ನನ್ನ ಲೆಕ್ಕ.

ಉದ್ಘಾಟನೆಯ ದಿನ ಡಾಕ್ಟರ ಅತ್ತೆಯವರೇ ಮೊದಲ ಚೀಟಿ ತಗೊಂಡರು. ಪ್ರಿಂಟರು ಕರಕರ ಎಂದು 'ನಂಬರ್ ಒಂದು' ಎಂದು ಉಗುಳಿತು. ಅಷ್ಟರಲ್ಲಿ ಯಾರದೋ ಮನೆಗೆ ತುರ್ತಾಗಿ ಕರೆ ಬಂದು ಡಾಕ್ಟರು ಹೋದರು. ಅವರು ಬರುವಷ್ಟರಲ್ಲಿ ನಲವತ್ತು ಜನ ತುಂಬಿ, ನಲವತ್ತೊಂದನೆಯವನೂ ಬಂದ. ಹಳ್ಳಿಖೇಡದಿಂದ ಬಂದ ಕಬ್ಬಿನ ಟ್ರ್ಯಾಕ್ಟರ್ ಡ್ರೈವರ್, ಈ ಕಿವಿಯಿಂದ ಆ ಕಿವಿವರೆಗೆ ಮೀಸೆ. ಪ್ರಿಂಟರು ಅವನಿಗೂ 'ನಂಬರ್ ಒಂದು' ಎಂದು ಚೀಟಿ ಕೊಟ್ಟಿತು. ಯಂತ್ರದೊಳಗೆ ಅತ್ತೆಯವರ ಹೆಸರು ಅಳಿಸಿ ಅಲ್ಲಿ ಮೀಸೆಯವನ ಹೆಸರು ಕೂತಿತು.

ಡಾಕ್ಟರು ಬಂದರು. "ಮೊದಲನೇಯವರು ನಿಮ್ಮ ಅತ್ತಿಯವರs ಇದ್ದಾರ," ಎಂದು ನಾನು ಹೆಮ್ಮೆಯಿಂದ ಹೇಳಿ, ಅವರು ಒಳಗೆ ಹೋದ ಮೇಲೆ 'ನಂಬರ್ ಒಂದು' ಎಂದು ಕೂಗಿದೆ. ಅತ್ತೆಯವರು ಬೆಂಚಿನ ಮೇಲೆ ತೂಕಡಿಸುತ್ತಿದ್ದರು. ಡ್ರೈವರ್ ಎದ್ದ. ಡಾಕ್ಟರು ಒಳಗಿನಿಂದ ತಾವೇ ಬಾಗಿಲು ತೆರೆದು, ಕೈ ಮುಗಿದು, ತಲೆ ಬಗ್ಗಿಸಿ, "ಬರ್ರಿ, ಬರ್ರಿ, ಕೂಡ್ರಿ. ನೀವು ಬಂದದ್ದು ಭಾಳ ಛಲೋ ಆಯ್ತು. ಚಹಾ ತರಸ್ಲೇನು?" ಎಂದರು.

ಡ್ರೈವರನ ಕಣ್ಣು ತುಂಬಿ ಬಂತು. "ಸಾಹೇಬ್ರ, ಇಷ್ಟು ಮರ್ಯಾದಿ ನನಗ ನಮ್ಮ ಅತ್ತಿ ಮನ್ಯಾಗೂ ಸಿಕ್ಕಿಲ್ರಿ!"

ಛತ್ರಿ

ಡಾಕ್ಟರು ಬೈಯಲಿಲ್ಲ, ಸರಿಪಡಿಸಲು ಎಂಟು ದಿನ ವಾಯಿದೆ ಕೊಟ್ಟರು. ನಾನು ನಾಚಿಕೆ ಬಿಟ್ಟು ಹೋಗಿ ಕಾಕಾನ ಪಕ್ಕದಲ್ಲಿ ಕೂತೆ.

"ಎಲ್ಲಿ ಕೆಟ್ಟತು?" ಎಂದರು.

"ನಲವತ್ತೊಂದನೇಯವ ಬಂದ್ರಿ ಕಾಕಾ."

"ಮತ್ತ ಹುಣಸಿ ಮರಕ್ಕ ಹೋಗಬೇಕಿತ್ತಲ್ಲ?"

ನನಗೆ ಅರ್ಥವಾಗಲಿಲ್ಲ. ಅವರು ಛತ್ರಿಯಿಂದ ಬೇವಿನ ಕಟ್ಟೆಯನ್ನು ತೋರಿಸಿದರು. ಕಟ್ಟೆಯ ಸುತ್ತ ಚಪ್ಪಲಿಗಳ ಸಾಲು. ಬಂದವರು ತಮ್ಮ ಜೋಡು ಸಾಲಿಗೆ ಬಿಟ್ಟು ನೆರಳಿಗೆ ಹೋಗಿ ಕೂಡುತ್ತಿದ್ದರು. ಇಷ್ಟು ದಿನ ಅದರ ಮೇಲೇ ದಾಟಿ ಓಡಾಡಿದ್ದೆ, ಒಂದು ದಿನವೂ ಬಗ್ಗಿ ನೋಡಿರಲಿಲ್ಲ.

ಯಾರ ಸರದಿಯೋ ಅವರ ಜೋಡಿನ ಮುಂದೆ ಕಾಕಾ ಛತ್ರಿ ಇಡುತ್ತಿದ್ದರು. ಅವರು ಜೋಡು ಎತ್ತಿಕೊಂಡು ಒಳಗೆ ಹೋದರೆ ಛತ್ರಿ ಒಂದು ಹೆಜ್ಜೆ ಮುಂದೆ. ಉಳಿದ ಯಾವ ಚಪ್ಪಲಿಯೂ ಅಲುಗಬೇಕಿಲ್ಲ. ದಿನ ತುಂಬಿದ ಬಸುರಿ ಬಂದರೆ ಛತ್ರಿಯನ್ನು ಒಂದು ಹೆಜ್ಜೆ ಹಿಂದಕ್ಕೆ ಸರಿಸಿ ಅವಳ ಜೋಡು ಅಲ್ಲಿ ಬಿಡಿಸುತ್ತಿದ್ದರು. ಸಾಲಿನ ಬಾಲದಲ್ಲಿದ್ದವನು ಬೇಸತ್ತು ಬಸ್ಸಿಗೆ ಹೊರಟರೆ ಬಾಲದಿಂದಲೇ ಜೋಡು ಹಾಕಿಕೊಂಡು ಹೋಗುತ್ತಿದ್ದ. ಸಾಲು ಸುತ್ತು ಹಾಕಿ ಕಟ್ಟೆ ತುಂಬಿತೋ, ಕಾಕಾ ಎದ್ದು ನಿಂತು "ಸರಕ್ರಿ!" ಎನ್ನುತ್ತಿದ್ದರು. ಛತ್ರಿ ಇದ್ದಲ್ಲಿಂದ ಮೊದಲುಗೊಂಡು ಒಬ್ಬೊಬ್ಬರೇ ಜೋಡು ಎತ್ತಿ, ಅದೇ ಕ್ರಮದಲ್ಲಿ, ದುಪ್ಪಟ್ಟು ದೊಡ್ಡ ಹುಣಸೆ ಕಟ್ಟೆಯ ಸುತ್ತ ಬಿಡುತ್ತಿದ್ದರು.

ನಾನು ಈಗ ಬಗ್ಗಿ ನೋಡಿದೆ. ನನ್ನ ಪುಸ್ತಕದ ಒಂದಿಡೀ ಅಧ್ಯಾಯ ಅಲ್ಲಿ ಧೂಳಿನಲ್ಲಿ ಬಿದ್ದಿತ್ತು. ಅದು ಇಪ್ಪತ್ತೈದು ವರ್ಷದಲ್ಲಿ ಒಂದು ದಿನವೂ ಕೆಟ್ಟಿರಲಿಲ್ಲ.

ಕಾಕಾ ಎಲ್ಲ ಬಿಡಿಸಿ ಹೇಳಿದರು, ಏನನ್ನೂ ಬಚ್ಚಿಡಲಿಲ್ಲ. "ನನ್ನ ಕುರ್ಚಿ ಕಸಗೊಳ್ಳೂ ವಿದ್ಯಾ ನಾನs ಕಲಸಾಕತ್ತೇನಿ ನೋಡ್ರಿ," ಎಂದು ನಕ್ಕರು. ಅವತ್ತು ನನಗೆ ನಿಜಕ್ಕೂ ಅಳು ಬಂತು. ಮುಂದೆ ಎರಡು ಸಾವಿರದ ದಶಕದಲ್ಲಿ ಇದೆಲ್ಲ ಪ್ರೋಗ್ರಾಮ್ ಬರೆಯುವ ಭಾಷೆಯಲ್ಲೇ ತಯಾರಾಗಿ ಸಿಗತೊಡಗಿದರೂ ನಾನು ಮಕ್ಕಳಿಗೆ ಚಪ್ಪಲಿ ಬಿಡಿಸಿಯೇ ಕಲಿಸಿದೆ.

"ಇದಕ್ಕ ನಿಮ್ಮ ಪುಸ್ತಕದಾಗ ಏನಂತಾರ?" ಎಂದು ಕಾಕಾ ಕೇಳಿದರು.

"ಡೆಕ್ ಅಂತಾರ್ರಿ ಕಾಕಾ."

ಕಾಕಾ ಚಪ್ಪಲಿ ಸಾಲನ್ನು ಉದ್ದಕ್ಕೂ ನೋಡಿದರು. "ಡೆಕ್ಕಾ? ಮತ್ತ ಟೀವಿ ಎಲ್ಲದ?"

ನೀವs ಮೊದಲ ಹೋಗ್ರಿ

ಎಂಟು ದಿನದಲ್ಲಿ ಹೊಸ ಪ್ರೋಗ್ರಾಮ್ ತಯಾರಾಯಿತು. ಹಿಂದಿನಿಂದ ಸೇರಿಸಲು ಒಂದು ಗುಂಡಿ, ಮುಂದಿನಿಂದ ಸೇರಿಸಲು ಒಂದು, ಎರಡೂ ತುದಿಯಿಂದ ತೆಗೆಯಲು ಎರಡು. ತುಂಬಿದರೆ ತಾನೇ ದುಪ್ಪಟ್ಟಾಗುತ್ತಿತ್ತು. ಡಾಕ್ಟರು ಖುಷಿಯಾಗಿ, "ಸೋಮವಾರ ಕಾಕಾ ಮನ್ಯಾಗ ಇರ್ಲಿ. ನೀವs ಕೂತು ನಡಸ್ರಿ, ನೋಡೂಣು," ಎಂದರು. ಕಾಕಾ ಛತ್ರಿ ಬಗಲಿಗೆ ಸಿಕ್ಕಿಸಿಕೊಂಡು ಹೋದರು.

ಸೋಮವಾರ ಮೊದಲು ಬಂದವಳು ಮುಡಬಿಯ ಒಬ್ಬ ಅಜ್ಜಿ. ಮೊದಲ ಬಸ್ಸಿಗೇ ಬಂದಿದ್ದಳು. ಅವಳ ಹೆಸರು ಬರೆದೆ. ಎರಡನೆಯವನು ಬಗ್ಗಿ ಪಿಸುಗುಟ್ಟಿದ: "ಸರ್, ಜರಾ ಮುಂದ ಹಚ್ರಿ. ಎಮ್ಮಿ ಹಿಂಡಬೇಕು." ಪಾಪ ಎಂದು ಮುಂದಿನಿಂದ ಸೇರಿಸುವ ಗುಂಡಿ ಒತ್ತಿದೆ. ಮೂರನೆಯವರು ನನ್ನ ವಿದ್ಯಾರ್ಥಿಯೊಬ್ಬನ ಸೋದರಮಾವ. ಮುಂದೆ ಹಚ್ಚಿದೆ. ನಾಲ್ಕನೆಯವನಿಗೆ ಹೊಟ್ಟೆಯಲ್ಲಿ ಬೆಂಕಿ, ಐದನೆಯವಳಿಗೆ ಬಸ್ಸು. ಆರನೆಯವನು ಬರೀ ದುರುಗುಟ್ಟಿ ನೋಡಿದ, ಅವನನ್ನೂ ಮುಂದೆ ಹಚ್ಚಿದೆ. ಮುಂದಿನ ಗುಂಡಿ ಬಿಟ್ಟು ಬೇರೆ ಗುಂಡಿಯನ್ನು ನಾನು ಮುಟ್ಟಲೇ ಇಲ್ಲ.

ಎಲ್ಲರೂ ಮುಂದಿನಿಂದಲೇ ಸೇರಿದರೆ ಸಾಲು ಉಲ್ಟಾ ಆಗುತ್ತದೆ. ಕೊನೆಗೆ ಬಂದವನು ಮೊದಲು ಒಳಗೆ, ಮೊದಲು ಬಂದವನು ಕೊನೆಗೆ. ನನಗೆ ಇದು ಹೊಳೆಯುವ ಮೊದಲೇ ಜನಕ್ಕೆ ಹೊಳೆಯಿತು. ಒಬ್ಬ ಚೀಟಿ ಹರಿದು, ಗೇಟಿನ ಹೊರಗೆ ಹೋಗಿ, ಹೊಸದಾಗಿ ಬಂದವನಂತೆ ತಿರುಗಿ ಬಂದ. ಅವನ ಹಿಂದೆ ಎಲ್ಲರೂ ಎದ್ದು ಹೊರಗೆ ಹೋದರು. ಗೇಟಿನ ಬಳಿ ಐವತ್ತು ಜನ, ಒಬ್ಬರೂ ಮೊದಲು ಒಳಗೆ ಬರಲು ತಯಾರಿಲ್ಲ.

"ನೀವs ಮೊದಲ ಹೋಗ್ರಿ."

"ಛೇ ಛೇ, ನೀವು ಹಿರಿಯರು, ನೀವು ಹೋಗ್ರಿ."

"ನನಗೇನು ಅವಸರ ಇಲ್ರಿ, ನೀವು ಹೋಗ್ರಿ!"

ಡಾಕ್ಟರು ಕಿಟಕಿಯಿಂದ ನೋಡಿ ಬೆರಗಾದರು. "ಮಾಸ್ತರ್, ನಮ್ಮ ಮಂದಿಗಿ ಇಷ್ಟು ನಡತಿ ಯಾವಾಗ ಬಂತು? ಖರೇನೂ ಕಂಪ್ಯೂಟರ್ ದೊಡ್ಡದು!"

ಅಂಗಳದಲ್ಲಿ ಉಳಿದವಳು ಮುಡಬಿಯ ಅಜ್ಜಿ ಒಬ್ಬಳೇ. ಅವಳು ನನ್ನ ಮುಂದೆ ಬಂದು ನಿಂತು, "ಏ ತಮ್ಮಾ, ನನ್ನ ಪಾಳಿ ನಾಳಿಗಿ ಬರ್ತದೇನು?" ಎಂದಳು. ನಾನು ಯಾವ ಗುಂಡಿ ಒತ್ತಬೇಕೆಂದು ಹುಡುಕತೊಡಗಿದೆ. ಅವಳು ಚಪ್ಪಲಿಯನ್ನೂ ಹಾಕಿಕೊಳ್ಳದೆ ನೇರ ಕಾಕಾನ ಮನೆಗೆ ಹೋದಳು.

ಸ್ವಲ್ಪ ಹೊತ್ತಿಗೆ ಅಜ್ಜಿಯ ಜೊತೆ ಕಾಕಾ ಬಂದರು. ಗೇಟಿನ ಬಳಿ ಎಲ್ಲರೂ ದಾರಿ ಬಿಟ್ಟರು. ಕಾಕಾ ನನ್ನ ಮೇಜಿನ ಮುಂದೆ ನಿಂತು, "ಪೇಶೆಂಟ್ ಆಗಿ ಬಂದೇನಿ. ಹೆಸರು ಬರೀರಿ. ಈ ಆಯಿ ನನ್ನ ಜೋಡಿ ಬಂದಾಳ," ಎಂದರು. ಬರೆದೆ. ಕೊನೆಗೆ ಬಂದವರು, ಆದ್ದರಿಂದ ಮೊದಲನೆಯವರು. ಇಬ್ಬರೂ ಸೀದಾ ಒಳಗೆ ಹೋದರು, ಹಿಂದೆಯೇ ನಾನೂ ಹೋದೆ.

ಡಾಕ್ಟರು ಮೊದಲು ಅಜ್ಜಿಯನ್ನು ನೋಡಿ ಔಷಧ ಬರೆದರು. ಆಮೇಲೆ, "ಏನ್ ತ್ರಾಸು ಕಾಕಾ?" ಎಂದರು.

"ಮುಂಜಾನಿಂದ ಮನ್ಯಾಗ ಕುಂತೇನ್ರಿ ಸಾಹೇಬ್ರ. ಕೈಗಿ ಕೆಲಸ ಇಲ್ಲ, ಊಟ ಸೇರವಲ್ದು, ಛತ್ರಿ ಎಲ್ಲಿಡಬೇಕು ತಿಳಿವಲ್ದು. ಇದಕ್ಕೇನರ ದವಾ ಇದ್ರ ಕೊಡ್ರಿ."

ಡಾಕ್ಟರು ಕಾಕಾನ ಮುಖ ನೋಡಿದರು. ಕಿಟಕಿಯಾಚೆ ಇನ್ನೂ 'ನೀವು ಹೋಗ್ರಿ, ನೀವು ಹೋಗ್ರಿ' ನಡೆದಿತ್ತು. ಅವರಿಗೆ ಎಲ್ಲ ತಿಳಿಯಿತು. ನನ್ನ ಕಡೆ ತಿರುಗಿ, "ನಿಮ್ಮ ಯಂತ್ರಕ್ಕ ಮುಂದ ಹಚ್ಚಲಾಕ ಬರ್ತದ. ಯಾರಿಗಿ ಹಚ್ಚಬೇಕು ಅನ್ನೂದು ಬರಲ್ಲ," ಎಂದರು. ಆಮೇಲೆ ಹೊಟ್ಟೆ ಹಿಡಿದು ನಕ್ಕು, ಚೀಟಿ ಬರೆದು ಕಾಕಾನ ಕೈಗೆ ಕೊಟ್ಟರು.

ಹೊರಗೆ ಬಂದ ಮೇಲೆ ಕಾಕಾ ನನ್ನಿಂದಲೇ ಅದನ್ನು ಗಟ್ಟಿಯಾಗಿ ಓದಿಸಿದರು. 'ಕುರ್ಚಿ. ಮುಂಜಾನೆ ಒಮ್ಮೆ, ಸಂಜೆ ಒಮ್ಮೆ.'

ನಾನು ಕಂಪ್ಯೂಟರಿನ ಮುಂದಿನ ನನ್ನ ಜಾಗ ಬಿಟ್ಟುಕೊಟ್ಟೆ. ಕಾಕಾ ಕೂತು, ಛತ್ರಿಯನ್ನು ಮೇಜಿಗೆ ಆನಿಸಿ, ಒಂದೇ ಬೆರಳಿನಿಂದ ಗುಂಡಿಗಳನ್ನು ಮುಟ್ಟಿ ನೋಡಿದರು. ನಾನು ಚೀಟಿ ತಿರುಗಿಸಿ ನೋಡುತ್ತ, "ಕಾಕಾ, ಎಷ್ಟು ದಿನ ಅಂತ ಡಾಕ್ಟರು ಬರದೇ ಇಲ್ಲಲ್ಲ?" ಎಂದೆ.

"ಅದಕ್ಕ ಯಾಕ ಚಿಂತಿ ಮಾಸ್ತರ್ರೆ?" ಎಂದರು ಕಾಕಾ, ಗೇಟಿನ ಕಡೆ ನೋಡುತ್ತ. "ತುಂಬಿದ್ರ ದುಪ್ಪಟ್ಟು ಮಾಡ್ಕೊಂಡ್ರಾಯ್ತು!"